ಎತ್ತಿಗೂ ಒಂದು ಸೋಮವಾರ

ಪುಣೆಯ ಹಳೆಯ ಊರಿನಲ್ಲಿ ವಾರದ ಏಳೂ ದಿನಗಳಿಗೆ ಒಂದೊಂದು ಪೇಟೆ ಇದೆ. ರವಿವಾರ ಪೇಟೆಗೆ ಹೋದರೆ ಸಗಟು ಅಂಗಡಿಗಳು, ಬುಧವಾರ ಪೇಟೆಗೆ ಹೋದರೆ ದಗಡೂಶೇಟ್ ಗಣಪತಿ, ಶನಿವಾರ ಪೇಟೆಯಲ್ಲಿ ಪೇಶ್ವೆಗಳ ವಾಡೆ. ಸಂತೆ ಕೂಡುತ್ತಿದ್ದ ದಿನದ ಹೆಸರೇ ಪೇಟೆಗೆ ಉಳಿಯಿತು ಎನ್ನುತ್ತಾರೆ. ಗುರುವಾರ ಪೇಟೆಗೆ ಮೊದಲು ವೇತಾಳ ಪೇಟೆ ಎಂಬ ಹೆಸರಿತ್ತು. ಸೋಮವಾರದಿಂದ ರವಿವಾರದ ತನಕ ಇಡೀ ವಾರವನ್ನು ಒಂದು ಬೆಳಗಿನಲ್ಲಿ ನಡೆದೇ ಮುಗಿಸಬಹುದು. ನಮ್ಮ ಹುಡುಗರು ತಮ್ಮ ಮೈಯನ್ನೂ ಈಗ ಹೀಗೇ ಪೇಟೆ ಪೇಟೆಯಾಗಿ ಹಂಚಿಕೊಂಡಿದ್ದಾರೆ.

ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿರುವ ನನ್ನ ತಂಗಿಯ ಮಗ ಹೋದ ತಿಂಗಳು ಮನೆಗೆ ಬಂದಿದ್ದ. ಮೊಬೈಲ್ ತೆಗೆದು ತನ್ನ ವಾರದ ಪಟ್ಟಿ ತೋರಿಸಿದ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಕಾಲು, ಶುಕ್ರವಾರ ತೋಳು, ಶನಿವಾರ ಹಿಂದಿನ ಐದು ದಿನಗಳಲ್ಲಿ ತಪ್ಪಿಹೋದದ್ದೆಲ್ಲ. ರವಿವಾರ ಗೆಳೆಯರ ಜೊತೆ ಸಿಂಹಗಡ ಹತ್ತುವುದು. ಎರಡು ತಿಂಗಳಿಂದ ಬೆಂಚ್ ಪ್ರೆಸ್‌ನಲ್ಲಿ ಅರವತ್ತು ಕಿಲೋ ದಾಟಿಲ್ಲ ಎಂಬುದು ಅವನ ದೂರು.

“ಪ್ರೋಟೀನ್ ಪುಡಿ ಬದಲ್ ಮಾಡ್ಲೇನು ಮಾಮಾ?”

“ನಿಮ್ಮಜ್ಜ ಸೋಮವಾರ ಎತ್ತು ಹೂಡತಿದ್ನೇನೋ?” ಎಂದೆ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಪುಣೆಯಲ್ಲಿ ಹುಟ್ಟಿದ ಹುಡುಗ. ತಿಳಿಯದೆ ಇದ್ದದ್ದು ಅವನ ತಪ್ಪೂ ಅಲ್ಲ.

ನಮ್ಮದು ವಿಜಯಪುರ ಜಿಲ್ಲೆಯ ಸಿಂದಗಿ ಕಡೆ. ಅಲ್ಲಿ ಸೋಮವಾರ ಬಸವಣ್ಣನ ದಿನ. ಬಿತ್ತನೆಯ ಹದ ತಪ್ಪಿಹೋಗುತ್ತಿದ್ದರೂ, ಮೋಡ ಕಟ್ಟಿ ನಿಂತಿದ್ದರೂ, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಇದನ್ನು ಭಕ್ತಿ ಎಂದು ಬೇಕಾದರೆ ಕರೆಯಿರಿ. ನನ್ನ ಅಪ್ಪ ಅದಕ್ಕೆ ಲೆಕ್ಕ ಎನ್ನುತ್ತಿದ್ದ. ಸೋಮವಾರ ಹೂಡಿದವನ ಎತ್ತು ಬುಧವಾರದ ಹೊತ್ತಿಗೆ ಸಾಲು ತಪ್ಪುತ್ತದೆ ಎಂಬುದು ಅವನ ಲೆಕ್ಕ. ಇಲ್ಲಿ ಮಹಾರಾಷ್ಟ್ರದಲ್ಲಿ ಬೈಲ್ ಪೋಳಾ ಹಬ್ಬದ ಹಿಂದಿನ ಸಂಜೆ ಖಾಂದೇಮಳಣಿ ಮಾಡುತ್ತಾರೆ, ಎಂದರೆ ಎತ್ತಿನ ಹೆಗಲಿಗೆ ತುಪ್ಪ, ಅರಿಶಿನ ಹಚ್ಚಿ ತಿಕ್ಕುತ್ತಾರೆ. ವರ್ಷವಿಡೀ ನೊಗ ಹೊತ್ತು ಜಡ್ಡುಗಟ್ಟಿದ ಜಾಗವದು. ತಿಂಗಳಿಗೆ ಮೂರು ಸಾವಿರ ಕೊಟ್ಟು ಜಿಮ್ ಸೇರುವ ನಾವು ನಮ್ಮದೇ ಹೆಗಲಿಗೆ ಇಷ್ಟು ಮರ್ಯಾದೆ ಕೊಡುವುದಿಲ್ಲ.

ಹುಡುಗನಿಗೆ ಹೇಳಬೇಕಾಗಿದ್ದ ಮಾತು ಇಷ್ಟೆ: ಜಿಮ್ಮಿನಲ್ಲಿ ಬಲ ಬೆಳೆಯುವುದಿಲ್ಲ. ಅಲ್ಲಿ ಬಲ ಖರ್ಚಾಗುತ್ತದೆ. ಬೆಳೆಯುವುದು ಆಮೇಲೆ, ಮನೆಯಲ್ಲಿ, ಉಣ್ಣುವಾಗ, ಮಲಗಿದಾಗ. ವಾರದ ಪಟ್ಟಿ ಬರೆಯುವವನು ಮೊದಲು ಬರೆಯಬೇಕಾದದ್ದು ಬಿಡುವಿನ ದಿನಗಳನ್ನು.

ಕಬ್ಬಿಣ ಎತ್ತಿ ಇಳಿಸುವಾಗ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟುಗಳು ಬೀಳುತ್ತವೆ, ಬಿಗಿತವೂ ಆಯಾಸವೂ ಕೂಡಿ ದೇಹಕ್ಕೆ ಒಂದು ಸುದ್ದಿ ಮುಟ್ಟುತ್ತದೆ. ಸುದ್ದಿ ಮುಟ್ಟಿದ ಮೇಲೆ ದುರಸ್ತಿ ಶುರುವಾಗುತ್ತದೆ, ಮುರಿದದ್ದನ್ನು ಕಟ್ಟುವಾಗ ಮೊದಲಿಗಿಂತ ತುಸು ಹೆಚ್ಚು ಪ್ರೋಟೀನು ಸೇರಿಸಿ ಕಟ್ಟುತ್ತದೆ. ಎಷ್ಟು ಹೊತ್ತು ಈ ಕಟ್ಟೋಣ? ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 1995ರಲ್ಲಿ ಆರು ಮಂದಿ ತರುಣರ ಒಂದು ತೋಳಿಗೆ ಮಾತ್ರ ಭಾರ ಎತ್ತಿಸಿ, ಇನ್ನೊಂದು ತೋಳನ್ನು ಸುಮ್ಮನೆ ಬಿಟ್ಟು ಎರಡನ್ನೂ ಹೋಲಿಸಿದರು. ನಾಲ್ಕು ಗಂಟೆಯ ಮೇಲೆ ಎತ್ತಿದ ತೋಳಿನಲ್ಲಿ ಪ್ರೋಟೀನು ಕಟ್ಟುವ ವೇಗ ಶೇಕಡಾ 50ರಷ್ಟು ಏರಿರುತ್ತದೆ ಎಂಬುದು ಅದಕ್ಕೂ ಮೊದಲೇ ಅಳೆದು ಗೊತ್ತಾಗಿತ್ತು. 24 ಗಂಟೆಯ ಮೇಲೆ ಅದು ಶೇಕಡಾ 109. ಈ ಆರು ಮಂದಿಯಲ್ಲಿ 36 ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಮಂಗಳವಾರ ಸಂಜೆ ಎತ್ತಿದವನ ಮೈಯಲ್ಲಿ ಬುಧವಾರ ಸಂಜೆ ಕೆಲಸ ಭರದಲ್ಲಿ ನಡೆದಿರುತ್ತದೆ ಎಂದಾಯಿತು. ಗಾರೆಯವನು ಗೋಡೆ ಕಟ್ಟುತ್ತಿರುವಾಗಲೇ ಹೋಗಿ ಅದೇ ಗೋಡೆಗೆ ಮತ್ತೆ ಸುತ್ತಿಗೆ ಹೊಡೆಯುವುದು ಯಾವ ಜಾಣತನ?

ಸ್ನಾಯುವಿನ ಕತೆ ಇದು. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್ ಇನ್ನೂ ನಿಧಾನದ ಗಿರಾಕಿ. ಅದಕ್ಕೆ ರಕ್ತದ ಓಡಾಟ ಕಡಿಮೆ. ಭಾರ ಎತ್ತಿದ ಮೇಲೆ ಮೊದಲ ಒಂದೂವರೆ ದಿನ ಅಲ್ಲಿ ಕಟ್ಟುವುದಕ್ಕಿಂತ ಕೆಡವುವುದೇ ಹೆಚ್ಚು ನಡೆಯುತ್ತದೆ. ಕಟ್ಟುವುದು ಮೇಲುಗೈಯಾಗುವುದು ಅದರ ನಂತರ, ಮೂರನೆಯ ದಿನದ ತನಕ. ಸ್ನಾಯು “ನಾನು ತಯಾರು” ಎನ್ನುವಾಗ ಟೆಂಡನ್ ಇನ್ನೂ ಎದ್ದು ಮುಖ ತೊಳೆದಿರುವುದಿಲ್ಲ. ಹೊಸದಾಗಿ ಜಿಮ್ ಸೇರಿದವರಿಗೆ ಎರಡನೆಯ ಮೂರನೆಯ ತಿಂಗಳಲ್ಲಿ ಮೊಣಕೈ, ಭುಜ, ಮೊಣಕಾಲು ಕೈಕೊಡುವುದು ಇದರಿಂದಲೇ. ಬಲ ಬಂದಿರುತ್ತದೆ, ಹಗ್ಗ ಗಟ್ಟಿಯಾಗಿರುವುದಿಲ್ಲ.

ಇದನ್ನು ಪುಸ್ತಕದಿಂದ ಕಲಿತೆ ಎಂದು ಹೇಳಿದರೆ ಸುಳ್ಳಾದೀತು. ನಲವತ್ತೇಳರಲ್ಲಿ ನಾನೂ ಕೋಥರೂಡ್ ಕಡೆಯ ಒಂದು ಜಿಮ್ ಸೇರಿದ್ದೆ. ವರ್ಷದ ಹಣ ಒಮ್ಮೆಗೇ ಕಟ್ಟಿದರೆ ರಿಯಾಯಿತಿ ಎಂದರು, ಕಟ್ಟಿದೆ. ಕಟ್ಟಿದ ದುಡ್ಡು ವಸೂಲಾಗಲಿ ಎಂದು ವಾರಕ್ಕೆ ಆರು ದಿನ ಹೋದೆ. ಎರಡನೆಯ ತಿಂಗಳು ಬಲಭುಜ ಸಣ್ಣಗೆ ಚುಚ್ಚತೊಡಗಿತು. “ಬಿಸಿಯಾದ ಮೇಲೆ ಹೋಗುತ್ತೆ ಸರ್” ಎಂದ ತರಬೇತುದಾರ. ಅವನಿಗೆ ಇಪ್ಪತ್ತನಾಲ್ಕು. ಅವನ ಭುಜದ ನೋವು ಬಿಸಿಯಾದ ಮೇಲೆ ಹೋಗುತ್ತಿತ್ತೇನೋ. ನನ್ನದು ಹೋಗಲಿಲ್ಲ. ಒಂದು ದಿನ ಅಡುಗೆಮನೆಯ ಮೇಲಿನ ಹಲಗೆಯಿಂದ ಬೆಲ್ಲದ ಡಬ್ಬಿ ಇಳಿಸಲು ಕೈ ಎತ್ತಿದರೆ ಕಿವಿಯ ಮಟ್ಟಕ್ಕೆ ನಿಂತುಹೋಯಿತು. ಅರವತ್ತೆಂಟರ ಅತ್ತೆ ಬಂದು ಡಬ್ಬಿ ಇಳಿಸಿಕೊಟ್ಟರು. ಫಿಸಿಯೊಥೆರಪಿಸ್ಟ್ ಬಳಿ ನಾಲ್ಕು ತಿಂಗಳು ರಬ್ಬರ್ ಪಟ್ಟಿ ಎಳೆಯುತ್ತ ಕೂತೆ. ವರ್ಷದ ಹಣದಲ್ಲಿ ಉಳಿದ ಹತ್ತು ತಿಂಗಳು ನೀರುಪಾಲು.

ದಿನಾ ಭಾರ ಎತ್ತಿದರೆ ಮೈ ಬೆಳೆಯುತ್ತದೆ ಎನ್ನುವವರಿಗೆ ನಾನು ಮಾರ್ಕೆಟ್ ಯಾರ್ಡ್ ತೋರಿಸುತ್ತೇನೆ. ಗುಲ್ಟೇಕಡಿಯ ಆ ಮಾರುಕಟ್ಟೆಯಲ್ಲಿ ಬೆಳಗಿನ ಜಾವದಿಂದ ಹಮಾಲರು ಬೆನ್ನ ಮೇಲೆ ಚೀಲ ಹೊರುತ್ತಾರೆ. ಪುಣೆಯ ಜಿಮ್ಮಿನ ಹುಡುಗರು ಎತ್ತುವುದು ಅವರ ಮುಂದೆ ಲೆಕ್ಕಕ್ಕಿಲ್ಲ. ಅಷ್ಟಕ್ಕೆ ಬಲ ಬರುವುದಾದರೆ ಅರವತ್ತು ದಾಟಿದ ಹಮಾಲ ಈ ಊರಿನ ಅತಿ ಗಟ್ಟಿಯ ಮನುಷ್ಯನಾಗಿರಬೇಕಿತ್ತು. ಅವರ ಮೊಣಕಾಲು, ಸೊಂಟ ಏನಾಗಿರುತ್ತದೆ ಎಂಬುದನ್ನು ಅಲ್ಲಿ ಒಂದು ತಾಸು ಕೂತು ನೋಡಿದರೆ ಸಾಕು. ಬಾಬಾ ಆಢಾವ ಕಟ್ಟಿದ ಹಮಾಲ ಪಂಚಾಯತ್ ಎಂಬ ಸಂಘ ನೂರು ಕಿಲೋ ಚೀಲವನ್ನು ಐವತ್ತಕ್ಕೆ ಇಳಿಸಬೇಕೆಂದು ಹೋರಾಡಿದ್ದು ಸುಮ್ಮನೆ ಅಲ್ಲ. ಹಮಾಲನಿಗೆ ಯಾವ ದಿನ ಎಷ್ಟು ಹೊರಬೇಕೆಂದು ತೀರ್ಮಾನಿಸುವ ಹಕ್ಕಿಲ್ಲ. ಜಿಮ್ಮಿಗೆ ಹೋಗುವವನಿಗೆ ಇದೆ. ಆ ಹಕ್ಕನ್ನೇ ಅವನು ಬಿಟ್ಟುಕೊಡುತ್ತಾನೆ.

“ಹಾಗಾದರೆ ತಾಲೀಮಿನ ಪೈಲ್ವಾನರು ದಿನಾ ಮಾಡುತ್ತಾರಲ್ಲ?” ಎಂದು ನೀವು ಕೇಳಬಹುದು. ಹುಡುಗನೂ ಕೇಳಿದ. ನ್ಯಾಯವಾದ ಪ್ರಶ್ನೆ.

ಪುಣೆ ತಾಲೀಮುಗಳ ಊರು. ನಾವು ಗರಡಿಮನೆ ಎನ್ನುವುದನ್ನು ಇಲ್ಲಿ ತಾಲೀಮು ಎನ್ನುತ್ತಾರೆ. ಶುಕ್ರವಾರ ಪೇಟೆಯ ಚಿಂಚೇಚಿ ತಾಲೀಮು, ಎಂದರೆ ಹುಣಸೆಮರದ ಗರಡಿ, ಇಂದಿಗೂ ಇದೆ. ಮಲ್ಲಕಂಬಕ್ಕೆ ಮರುಜೀವ ಕೊಟ್ಟವನೆಂದು ಹೇಳುವ ಬಾಳಂಭಟ ದಾದಾ ದೇವಧರ ಪೇಶ್ವೆ ಎರಡನೆಯ ಬಾಜಿರಾಯನಿಗೆ ಸಾಮು ಕಲಿಸಿದ ಗುರು. ಟಿಳಕರ ಕತೆಯಂತೂ ಇಲ್ಲಿ ಪ್ರತಿ ಅಜ್ಜನ ಬಾಯಲ್ಲಿದೆ: 1873ರ ಸುಮಾರಿಗೆ ಡೆಕ್ಕನ್ ಕಾಲೇಜು ಸೇರಿದಾಗ ಹುಡುಗ ಬಡಕಲು. ಮೊದಲ ವರ್ಷವಿಡೀ ಪುಸ್ತಕ ಪಕ್ಕಕ್ಕಿಟ್ಟು ಸಾಮು, ಈಜು. ಆ ವರ್ಷ ಪರೀಕ್ಷೆಯಲ್ಲಿ ನಪಾಸು, ಮೈ ಮಾತ್ರ ಜೀವನಪೂರ್ತಿ ಬಾಳಿತು. ಈ ಕತೆ ಹೇಳುವವರು ಒಂದು ಮಾತು ಬಿಡುತ್ತಾರೆ. ಟಿಳಕರಿಗೆ ಆ ವರ್ಷ ಬೇರೆ ಕೆಲಸವೇ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮೀಟಿಂಗೂ ಇರಲಿಲ್ಲ.

ಒಮ್ಮೆ ಶುಕ್ರವಾರ ಪೇಟೆಯ ಒಂದು ತಾಲೀಮಿಗೆ ಮಧ್ಯಾಹ್ನ ಎರಡೂವರೆಗೆ ಹೋಗಿದ್ದೆ. ಸಾಮು ನೋಡಲು ಹೋದವನಿಗೆ ಕಂಡದ್ದು ನಿದ್ದೆ. ಕೆಮ್ಮಣ್ಣಿನ ಅಖಾಡ ಸಲಿಕೆಯಿಂದ ಅಗೆದು ಸಮ ಮಾಡಿಟ್ಟಿತ್ತು, ಎಣ್ಣೆಯ, ಮಜ್ಜಿಗೆಯ ವಾಸನೆ ಹಾಗೇ ಇತ್ತು. ಒಳಗೆ ಚಾಪೆಯ ಮೇಲೆ ಹನ್ನೆರಡು ಹದಿಮೂರು ಹುಡುಗರು, ಒಬ್ಬೊಬ್ಬನೂ ಬಾಗಿಲಿನ ಅಗಲ, ಗೋಡೆಗೆ ತಲೆ ಹಚ್ಚಿ ಗೊರಕೆ ಹೊಡೆಯುತ್ತಿದ್ದರು. ಮಾರುತಿಯ ಮುಂದೆ ದೀಪ. ಒಬ್ಬ ಮಾತ್ರ ಎದ್ದು ಕೂತು ಕಲ್ಲಿನಲ್ಲಿ ಬಾದಾಮಿ ಅರೆಯುತ್ತಿದ್ದ. ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯವನು, ಮನೆಮಾತು ಕನ್ನಡ.

“ಮಧ್ಯಾಹ್ನ ದಿನಾ ಮಲಗತೀರೇನಪಾ?”

“ಮಲಗಲಿಕ್ಕೇ ಬೇಕ್ರೀ. ನಮ್ಮ ವಸ್ತಾದ್ರು ಏನಂತಾರ ಗೊತ್ತೇನ್ರಿ, ನಿದ್ದಿ ಕದ್ದಾವ ಕುಸ್ತಿ ಕೊಟ್ಟಾನ ಅಂತಾರ.”

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಣ್ಣಿನಲ್ಲಿ ಜೋರು, ಎಂದರೆ ಜೊತೆಯವನೊಡನೆ ಕುಸ್ತಿಯ ಅಭ್ಯಾಸ. ಸಂಜೆ ದಂಡ, ಬೈಠಕು. ನಡುವೆ ಹೊಟ್ಟೆ ತುಂಬ ಖುರಾಕು, ತಾಸುಗಟ್ಟಲೆ ನಿದ್ದೆ, ಒಬ್ಬರಿಗೊಬ್ಬರು ಮೈ ತಿಕ್ಕುವುದು. ಹತ್ತನೆಯ ವಯಸ್ಸಿನಿಂದ ತುಸು ತುಸುವಾಗಿ ಏರಿಸಿಕೊಂಡು ಬಂದ ಮೈಗಳು ಅವು. ಅವರ ದಿನಚರಿಯಿಂದ ಬೈಠಕನ್ನಷ್ಟೇ ಕಿತ್ತುಕೊಂಡು ನಿದ್ದೆಯನ್ನು ಅಲ್ಲೇ ಬಿಟ್ಟು ಬಂದವರು ನಾವು.

ದಿನಾ ಮಾಡಬಹುದಾದ ವ್ಯಾಯಾಮವೂ ಇದೆ, ಅದನ್ನೂ ಇದರ ಜೊತೆ ಕಲಸಬಾರದು. ಸಾತಾರಾ ಬಳಿಯ ಔಂಧ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಊರೂರಿಗೆ ಹಬ್ಬಿಸಿದರು, ದಿನವೂ ಮಾಡಿ ಎಂದರು. ಸರಿಯೇ. ನಮಸ್ಕಾರದಲ್ಲಿ ಎತ್ತುವುದು ನಮ್ಮದೇ ಮೈಭಾರ, ಅದೂ ಹಂಚಿಕೆಯಾಗಿ. ನಮ್ಮ ಬೆಂಗಳೂರಿನ ಕೆ.ವಿ. ಅಯ್ಯರ್, ‘ಶಾಂತಲಾ’, ‘ರೂಪದರ್ಶಿ’ ಬರೆದ ಅದೇ ಅಯ್ಯರ್, ತಮ್ಮ ವ್ಯಾಯಾಮಶಾಲೆಯಲ್ಲಿ ಕಬ್ಬಿಣವನ್ನೂ ಎತ್ತಿಸಿದರು, ಸೂರ್ಯನಮಸ್ಕಾರದ ಮೇಲೂ ಪುಸ್ತಕ ಬರೆದರು. ನಡಿಗೆ, ನಮಸ್ಕಾರ, ಈಜು ದಿನದ ಊಟವಿದ್ದಂತೆ. ಹತ್ತು ಸಲ ಎತ್ತುವಷ್ಟರಲ್ಲಿ ತೋಳು ನಡುಗುವಂಥ ಭಾರ ಹಬ್ಬದೂಟ. ಹಬ್ಬದೂಟ ದಿನಾ ಉಂಡವನ ಹೊಟ್ಟೆಯ ಗತಿ ನಿಮಗೆ ಗೊತ್ತು.

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಶಿಕಾಗೊದ ಆಸ್ಪತ್ರೆಯಲ್ಲಿ ಮೊಣಕಾಲು ಕೆಟ್ಟ ಸೈನಿಕರಿಗೆ ಭಾರ ಎತ್ತಿಸಿ ಮತ್ತೆ ನಡೆಯುವಂತೆ ಮಾಡಿದ. ಇಂದು ಜಿಮ್ಮುಗಳಲ್ಲಿ ಕೇಳುವ ಸೆಟ್ಟು, ರೆಪ್ಸು ಎಂಬ ಲೆಕ್ಕದ ಬೇರು ಬಹುಮಟ್ಟಿಗೆ ಅಲ್ಲಿದೆ. 1945ರಲ್ಲಿ ಅವನು ಹೇಳಿದ್ದು ಒಂದು ಸಲಕ್ಕೆ 70ರಿಂದ 100 ಎತ್ತುಗಳು. ಮೂರು ವರ್ಷ ರೋಗಿಗಳನ್ನು ನೋಡಿದ ಮೇಲೆ 1948ರಲ್ಲಿ ಅವನೇ ಬರೆದ: ಅದು ಅತಿಯಾಯಿತು, 20ರಿಂದ 30 ಸಾಕು. ತಾನು ಹೇಳಿದ್ದನ್ನು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಸಿದ ವೈದ್ಯನ ಮೇಲೆ ನನಗೆ ಬಹಳ ಗೌರವ. ಇಳಿಸಿದ್ದನ್ನು ಎಂಬತ್ತು ವರ್ಷವಾಗುತ್ತ ಬಂದರೂ ನಮ್ಮ ಜಿಮ್ಮುಗಳು ಓದಿಕೊಂಡಂತಿಲ್ಲ.

ಸರಿ, ವಾರಕ್ಕೆ ಎಷ್ಟು ದಿನ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ದೊಡ್ಡವರಿಗೆಲ್ಲ ವಾರಕ್ಕೆ ಕನಿಷ್ಠ ಎರಡು ದಿನ ಬಲಸಾಧನೆ, ಮೈಯ ಮುಖ್ಯ ಸ್ನಾಯುಗಳೆಲ್ಲ ಸೇರುವಂತೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳುವುದೂ ಇದಕ್ಕೆ ಹತ್ತಿರ: ಒಂದು ಸ್ನಾಯುವಿಗೆ ವಾರಕ್ಕೆ ಒಂದು ಸಲಕ್ಕಿಂತ ಎರಡು ಸಲ ಕೆಲಸ ಕೊಡುವುದು ಲೇಸು. ಒಟ್ಟು ಕೆಲಸ ಅಷ್ಟೇ ಇದ್ದರೆ ಎರಡನ್ನು ಮೂರು, ನಾಲ್ಕು ಮಾಡಿ ಗಳಿಸುವುದು ಹೆಚ್ಚೇನಿಲ್ಲ. ನನ್ನ ಸೋದರಳಿಯನ ಪಟ್ಟಿಯ ತಮಾಷೆ ನೋಡಿ. ಆರು ದಿನ ಹೋಗುತ್ತಾನೆ, ಆದರೂ ಪಟ್ಟಿಯ ಪ್ರಕಾರ ಎದೆಗೆ ವಾರಕ್ಕೆ ಒಂದೇ ಸಲ ಕೆಲಸ. ಅದೇ ಭುಜ ಮಾತ್ರ ಸೋಮವಾರ ಎದೆಯ ಹೆಸರಲ್ಲಿ, ಬುಧವಾರ ತನ್ನ ಹೆಸರಲ್ಲಿ, ಶನಿವಾರ ಅನಾಮಧೇಯವಾಗಿ ದುಡಿಯುತ್ತದೆ. ಪೇಟೆಯ ಹೆಸರು ಬೇರೆ ಬೇರೆ, ರಸ್ತೆ ಒಂದೇ.

ಅವನಿಗೆ ನಾನು ಬರೆದುಕೊಟ್ಟದ್ದು ಇದು. ಸೋಮವಾರ ಎತ್ತಿನ ರಜೆ, ಅದಕ್ಕೆ ಚರ್ಚೆಯಿಲ್ಲ. ಗುರುವಾರವೂ ಬಿಡುವು. ಮಂಗಳವಾರ ಮತ್ತು ಶುಕ್ರವಾರ ಜಿಮ್ಮು. ಎರಡೂ ದಿನ ಇಡೀ ಮೈಗೆ: ಬೈಠಕಿನಂಥದ್ದೊಂದು, ನೆಲದಿಂದ ಎತ್ತುವುದೊಂದು, ಮುಂದಕ್ಕೆ ತಳ್ಳುವುದೊಂದು, ಹಿಂದಕ್ಕೆ ಎಳೆಯುವುದೊಂದು, ಕೈಯಲ್ಲಿ ಭಾರ ಹಿಡಿದು ನಡೆಯುವುದೊಂದು. ಒಂದೊಂದಕ್ಕೂ ಮೂರು ಸೆಟ್ಟು, ಮುಕ್ಕಾಲು ತಾಸಿನ ಕೆಲಸ. ಇನ್ನೆರಡು ಎತ್ತಬಹುದು ಎನ್ನಿಸುವಾಗಲೇ ಇಳಿಸಬೇಕು. ರವಿವಾರ ಬೆಟ್ಟ. ಬುಧವಾರ, ಶನಿವಾರ ನಡಿಗೆಯೋ ನಮಸ್ಕಾರವೋ, ಮನಸ್ಸು ಬಂದದ್ದು. ಮಂಗಳವಾರಕ್ಕೂ ಶುಕ್ರವಾರಕ್ಕೂ ನಡುವೆ ಎರಡು ಪೂರ್ತಿ ದಿನ, ಬೆಟ್ಟದ ಹಿಂದೆ ಮುಂದೆ ಒಂದೊಂದು. ಇನ್ನೂ ಹುಮ್ಮಸ್ಸಿರುವ ಹರೆಯದವರು ಮೇಲರ್ಧ, ಕೆಳರ್ಧ ಎಂದು ಎರಡು ಪಾಲು ಮಾಡಿ ವಾರಕ್ಕೆ ನಾಲ್ಕು ದಿನ ಹೋಗಲಿ. ನಲವತ್ತು ದಾಟಿದವರಿಗೆ ಮೇಲಿನ ಪಟ್ಟಿಯೇ ಧಾರಾಳವಾಯಿತು.

ರವಿವಾರದ ಬೆಟ್ಟವನ್ನು ಲೆಕ್ಕಕ್ಕೆ ಹಿಡಿಯದೆ ಇರುವುದು ಪುಣೆಯವರ ಮಾಮೂಲು ತಪ್ಪು. ಸಿಂಹಗಡವೆಂದರೆ ಅವರಿಗೆ ವಿಹಾರ, ಮೇಲೆ ಹೋಗಿ ಪಿಠಲೆ ಭಾಕರಿ, ಮಡಕೆ ಮೊಸರು. ಏರುವಾಗ ಏದುಸಿರು ಬರುತ್ತದೆ, ನಿಜವಾದ ಪೆಟ್ಟು ಬೀಳುವುದು ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕು ಹಾಕುತ್ತಿರುತ್ತದೆ, ಎಳೆಗಳಿಗೆ ಹೆಚ್ಚು ಪೆಟ್ಟಾಗುವುದು ಇಂಥ ಕೆಲಸದಲ್ಲೇ. ಅದಕ್ಕೇ ಮಂಗಳವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದುಕೊಳ್ಳುವ ಪ್ರಸಂಗ. ಮನೆಯ ಹತ್ತಿರದ ಪರ್ವತಿಯ 103 ಮೆಟ್ಟಿಲು ಐದು ಸಲ ಹತ್ತಿಳಿದು ನೋಡಿ, ಗೊತ್ತಾಗುತ್ತದೆ. ಮರುದಿನಕ್ಕಿಂತ ಮೂರನೆಯ ದಿನ ಹೆಚ್ಚು ನೋಯುವ ಈ ನೋವನ್ನು ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ 1902ರಲ್ಲೇ ಬರೆದಿಟ್ಟು, ಸ್ನಾಯುವಿನೊಳಗಿನ ಸಣ್ಣ ಸೀಳುಗಳೇ ಕಾರಣವಿರಬೇಕು ಎಂದಿದ್ದ. ಇವತ್ತಿಗೂ ಜನ “ಲ್ಯಾಕ್ಟಿಕ್ ಆಸಿಡ್ ಕೂತಿದೆ” ಎನ್ನುತ್ತಾರೆ. ಆ ಆಮ್ಲ ಒಂದೆರಡು ತಾಸಿನಲ್ಲಿ ತೊಳೆದುಹೋಗಿರುತ್ತದೆ.

ನೋವಿದ್ದರೆ ವ್ಯಾಯಾಮ ಫಲಿಸಿತು, ಇಲ್ಲದಿದ್ದರೆ ಇಲ್ಲ ಎಂಬ ನಂಬಿಕೆಯೂ ಹುಸಿ. ಒಂದೆರಡು ತಿಂಗಳು ಬಿಡದೆ ಮಾಡಿದವನಿಗೆ ನೋವು ಕಡಿಮೆಯಾಗಿ ಬಲ ಹೆಚ್ಚುತ್ತ ಹೋಗುತ್ತದೆ. ನೋಡಬೇಕಾದದ್ದು ಹೋದ ವಾರ ಎತ್ತಿದ್ದನ್ನು ಈ ವಾರ ಎತ್ತಲಾಗುತ್ತಿದೆಯೇ ಎಂದು. ಸತತ ಎರಡು ಸಲ ಕಡಿಮೆಯಾದರೆ, ರಾತ್ರಿ ನಿದ್ದೆ ಬರದಿದ್ದರೆ, ಬೆಳಿಗ್ಗೆ ಎದ್ದಾಗಲೇ ನಾಡಿ ಎಂದಿಗಿಂತ ಜೋರಾಗಿದ್ದರೆ, ಹೆಂಡತಿ “ಯಾಕಿಷ್ಟು ಸಿಡಿಮಿಡಿ” ಎಂದರೆ ನಾಲ್ಕು ದಿನ ಕಬ್ಬಿಣ ಮುಟ್ಟಬೇಡಿ. ಕೊನೆಯದು ಎಲ್ಲಕ್ಕಿಂತ ನಂಬಬಹುದಾದ ಲಕ್ಷಣ.

ಒಂದನ್ನು ಮಾತ್ರ ನಗೆಯಾಡದೆ ಹೇಳಬೇಕು. ಬಹಳ ದಿನ ಬಿಟ್ಟು, ಅಥವಾ ಮೊದಲ ದಿನವೇ, ಹಟಕ್ಕೆ ಬಿದ್ದು ನೂರಾರು ಬೈಠಕು ಹೊಡೆದ ಮೇಲೆ ತೊಡೆ ಊದಿಕೊಂಡು, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅದು ಮೈಕೈ ನೋವಲ್ಲ. ಸ್ನಾಯು ಒಡೆದು ಅದರ ಸರಕು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತಿರುತ್ತದೆ. ಅದೇ ತಾಸಿನಲ್ಲಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಗುರುವಾರ. ಪುಣೆಯಲ್ಲಿದ್ದವರಿಗೆ ಗುರುವಾರದ ಮಹಿಮೆ ಗೊತ್ತು. ಪರ್ವತಿಯ ನೀರಿನ ಕೇಂದ್ರದಲ್ಲಿ ದುರಸ್ತಿ ಇದ್ದರೆ ಮಹಾನಗರಪಾಲಿಕೆ ಆರಿಸಿಕೊಳ್ಳುವ ದಿನ ಸಾಮಾನ್ಯವಾಗಿ ಗುರುವಾರವೇ. ಪಂಪು, ವಿದ್ಯುತ್ತು, ಕೊಳವೆ ಎಲ್ಲದರ ಕೆಲಸ ಅವತ್ತು. ಬುಧವಾರ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ: ಗುರುವಾರ ನೀರು ಬಂದ್, ಶುಕ್ರವಾರ ಬೆಳಿಗ್ಗೆ ತಡವಾಗಿ, ಕಡಿಮೆ ಒತ್ತಡದಲ್ಲಿ ಬರುವುದು. ನಾವು ಬಯ್ಯುತ್ತ ಬಕೆಟ್ ತುಂಬಿಡುತ್ತೇವೆ. ಆದರೆ ಯಾರೂ ಪಂಪು ನಿಲ್ಲಿಸದೆ ದುರಸ್ತಿ ಮಾಡಿ ಎನ್ನುವುದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಅಂಗಡಿಯ ಬಾಗಿಲು ಹಾಕಿ ಮಲಗುವ ವ್ಯಾಪಾರಿಗಳ ಊರು ಇದು, ದೇಶವೆಲ್ಲ ಇದರ ಮೇಲೆ ನಗೆಹನಿ ಹೊಸೆದಿದೆ. ಇಲ್ಲಿದ್ದೂ ವಿಶ್ರಾಂತಿ ಕಲಿಯದವನು ಇನ್ನೆಲ್ಲಿ ಕಲಿತಾನು! ಶುಕ್ರವಾರದ ಕಡಿಮೆ ಒತ್ತಡವನ್ನೂ ಮರೆಯಬೇಡಿ. ಜ್ವರ ಬಂದೋ ಊರಿಗೆ ಹೋಗಿಯೋ ಎರಡು ವಾರ ತಪ್ಪಿದ ಮೇಲೆ ಮೊದಲ ದಿನ ಅರ್ಧ ಭಾರದಿಂದ ಶುರು ಮಾಡಬೇಕು.

ತಪ್ಪಿಹೋದೀತೆಂಬ ಭಯವೇ ಅರ್ಧ ಜನರನ್ನು ಆರು ದಿನ ಓಡಿಸುತ್ತದೆ. ಗಣಪತಿ ಹಬ್ಬ ಬಂದರೆ ಈ ಊರಿನ ಹುಡುಗರು ವಾರಗಟ್ಟಲೆ ಢೋಲ್ ಪಥಕಗಳಿಗೆ ಹೋಗುತ್ತಾರೆ, ಸೊಂಟಕ್ಕೆ ಢೋಲು ಕಟ್ಟಿಕೊಂಡು ತಾಸುಗಟ್ಟಲೆ ಬಡಿಯುತ್ತಾರೆ, ಜಿಮ್ಮುಗಳು ಖಾಲಿ. ದೀಪಾವಳಿಗೆ ನಾವು ಊರಿಗೆ ಹೋಗುತ್ತೇವೆ. ಬೆಳೆಸಿದ್ದೆಲ್ಲ ಕರಗಿತೇ? ಅಮೆರಿಕದ ಅಲಬಾಮಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹದಿನಾರು ವಾರ ವಾರಕ್ಕೆ ಮೂರು ದಿನ ಎತ್ತಿಸಿದರು. ಆಮೇಲೆ 32 ವಾರ, ಕೆಲವರಿಗೆ ಮೂರನೆಯ ಒಂದು ಪಾಲು, ಕೆಲವರಿಗೆ ಒಂಬತ್ತನೆಯ ಒಂದು ಪಾಲು ಮಾತ್ರ ಕೆಲಸ. ಒಂಬತ್ತನೆಯ ಒಂದು ಪಾಲೆಂದರೆ ವಾರಕ್ಕೊಮ್ಮೆ ಹೋಗಿ ಒಂದೊಂದು ಸೆಟ್ಟು. 20ರಿಂದ 35 ವಯಸ್ಸಿನವರ ಸ್ನಾಯು ಅಷ್ಟರಲ್ಲೇ ಉಳಿದುಕೊಂಡಿತು. 60 ದಾಟಿದವರಲ್ಲಿ ಸ್ನಾಯುವಿನ ಗಾತ್ರ ಇಳಿಯಿತು, ಬಲ ಬಹುಮಟ್ಟಿಗೆ ನಿಂತಿತು. ಗಳಿಸುವುದು ಕಷ್ಟ, ಕಾಯ್ದುಕೊಳ್ಳುವುದು ಅಗ್ಗ. ನಮ್ಮ ಬ್ಯಾಂಕಿನ ಲೆಕ್ಕಕ್ಕೆ ಪೂರ್ತಿ ತಿರುಗುಮುರುಗು.

ಊಟದ ವಿಷಯ ಉದ್ದ ಮಾಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಾಮಾನ್ಯರಿಗೆ ಹೇಳಿರುವ ಪ್ರೋಟೀನು ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ. ಭಾರ ಎತ್ತುವವರಿಗೆ ಅದರ ಇಮ್ಮಡಿಯ ತನಕ ಉಪಯೋಗವಿದೆ. ರೊಟ್ಟಿಯ ಜೊತೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಪುಡಿ ಕೊಳ್ಳುವುದು ಆಮೇಲಿನ ಮಾತು. ನಿದ್ದೆಯಂತೂ ಪುಡಿಯಲ್ಲಿ ಸಿಗುವುದಿಲ್ಲ. ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟರೆ ಸ್ನಾಯುವಿನಲ್ಲಿ ಪ್ರೋಟೀನು ಕಟ್ಟುವ ವೇಗ ಶೇಕಡಾ 18ರಷ್ಟು ಕುಸಿದದ್ದನ್ನು 2021ರಲ್ಲಿ ಅಳೆದು ತೋರಿಸಿದ್ದಾರೆ. ಇತ್ತೀಚೆಗೆ ಊರಿನ ಶ್ರೀಮಂತ ಬಡಾವಣೆಗಳಲ್ಲಿ ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರುವ ಖಯಾಲಿ ಬಂದಿದೆ. ಭಾರ ಎತ್ತಿದ ಬೆನ್ನಿಗೇ ಪ್ರತಿ ಸಲ ಅದರಲ್ಲಿ ಕೂತರೆ ಸ್ನಾಯುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಬಿಸಿನೀರಿನ ಸ್ನಾನ ಮಾಡಿ ಮಲಗುವುದಕ್ಕೆ ಖರ್ಚೂ ಇಲ್ಲ.

ಇದೆಲ್ಲ ಕೇಳಿ ಪಕ್ಕದಲ್ಲಿ ಕೂತಿದ್ದ ನನ್ನ ಅತ್ತೆ, ಬೆಲ್ಲದ ಡಬ್ಬಿ ಇಳಿಸಿದವರೇ, ಈಗ ಅವರಿಗೆ ಎಪ್ಪತ್ತನಾಲ್ಕು, “ನಂಗೂ ಆಗತದೇನು?” ಎಂದರು. ಆಗುತ್ತದೆ. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು, ವಾರಕ್ಕೆ ಮೂರೇ ದಿನ. ಮುಗಿಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. ಅತ್ತೆ ಈಗ ಮಂಗಳವಾರ, ಶುಕ್ರವಾರ ಅಡುಗೆಮನೆಯ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾರೆ, ಮೂರು ಸರ್ತಿ. ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ. ಸೋಮವಾರ ಒತ್ತಾಯ ಮಾಡಿದರೂ ಮಾಡುವುದಿಲ್ಲ.

ನಿಮ್ಮ ಮನೆಯ ಗೋಡೆಯಲ್ಲೂ ಕ್ಯಾಲೆಂಡರ್ ಇರುತ್ತದೆ, ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಬರೆಯುವಂಥದ್ದು. ಬರುವ ತಿಂಗಳ ಹಾಳೆ ಮಗುಚಿದಾಗ ಬಿಡುವಿನ ಚೌಕಗಳಿಗೆ ಮೊದಲು ಕೆಂಪು ಗೀಟು ಹಾಕಿ. ಜಿಮ್ಮಿನವರಿಗೆ ಫೋನು ಮಾಡುವುದು ಆಮೇಲೆ.